ಎಡ ಪಕ್ಕೆಯ ಬರೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನನಗೇ ನನ್ನ ನೆನಪಿನ ಮೇಲೆ ಭರವಸೆ ಇಲ್ಲ. ಆದರೂ ಇದು ನಡೆದಿದೆ... ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ತಂಗಿ ಶಿವಲೀಲಾ ಕಮಲಾಪುರದಲ್ಲಿ ಶಿಕ್ಷಕಿ. ಸೋದರತ್ತೆಯ ಮನೆಯಲ್ಲೇ ಇರುತ್ತಾಳೆ. ಟೈಫಾಯ್ಡ್ ಬಂದಾಗ, ಜ್ವರ ಇಳಿದ ಕೂಡಲೇ ಗುಳಿಗೆ ನಿಲ್ಲಿಸಿಬಿಟ್ಟಿದ್ದಳು. ಕೆಲವು ವಾರಗಳಲ್ಲಿ ಜ್ವರ ಮರಳಿತು. ಜೊತೆಗೆ ಎಡ ಭುಜದ ನೋವು. ಉಳುಕಿರಬೇಕೆಂದು ಎಲ್ಲರೂ ಭುಜಕ್ಕೆ ಮುಲಾಮು ತಿಕ್ಕಿದರು. ಅತ್ತೆ ಮಾತ್ರ ಫೋನಿನಲ್ಲಿ, “ಹೊಟ್ಯಾಗ ಎಡಕ್ಕ ಗುಲ್ಮ ಬೆಳದದೋ. ಬರಿ ಕೊಟ್ರ ಇಳಿತದ” ಅಂದಳು.

ಕಾಯಿಸಿದ ಕಬ್ಬಿಣದಿಂದ ಹೊಟ್ಟೆ ಸುಡುವುದು! “ಅಕಿ ಮೈ ಮುಟ್ಟೀದಿ ಅಂದ್ರ ಪೊಲೀಸರಿಗಿ ಹೇಳ್ತೀನಿ” ಎಂದು ಕೂಗಿದೆ.

ಶನಿವಾರ ಕಡೆಯ ಬಸ್ಸಿಗೆ ಕಲಬುರಗಿಯಿಂದ ಹೋದೆ. ಮುಂಜಾನೆ ಅವಳನ್ನು ದವಾಖಾನೆಗೆ ಕರೆದೊಯ್ಯುವುದೆಂದು ಮಾತಾಯಿತು. ಮಲಗಿದೆವು.

ಚುರ್ರ್...

ಎಚ್ಚರವಾಯಿತು. ಸದ್ದಿನ ಹಿಂದೆಯೇ ಸುಟ್ಟ ಚರ್ಮದ ವಾಸನೆ.

ಮೊಬೈಲ್ ಬೆಳಕು ಹಿಡಿದು ತಂಗಿಯ ಕೋಣೆಗೆ ಓಡಿದೆ. ಒಬ್ಬಳೇ ನಡುಗುತ್ತಿದ್ದಳು. “ಅಣ್ಣಾ... ಭುಜ...” ಸೆರಗು ಸರಿದಿತ್ತು. ಎಡ ಪಕ್ಕೆಲುಬಿನ ಕೆಳಗೆ ಒಂದು ಬರೆ. ದುಂಡಗೆ, ಅಂಚು ಕಪ್ಪಗೆ, ಬೆರಳ ತುದಿಯಷ್ಟು.

“ಅತ್ತೀ! ಏನ್ ಮಾಡೀದಿ?”

ಅತ್ತೆ ಪಡಸಾಲೆಯಿಂದ ಎದ್ದು ಬಂದಳು. “ನಾ ಎದ್ದೇ ಇಲ್ಲೋ! ಒಲಿ ಮುಟ್ಟಿ ನೋಡು, ತಣ್ಣಗದ.”

“ಸುಳ್ಳ ಹೇಳಬ್ಯಾಡ!”

“ದೊಡ್ಡ ಶಾಣ್ಯಾ ಆಗೀದಿ. ನಿನ್ನ ಎತ್ತಿ ಆಡಿಸಿದ ಕೈ ಇವು, ನೋಡು!”

ನೋಡಲಿಲ್ಲ. ಓಣಿಯ ಕಾರಿನವನನ್ನು ಎಬ್ಬಿಸಿ ತಂಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡೆ. ಅತ್ತೆಯನ್ನು ಹತ್ತಗೊಡಲಿಲ್ಲ.

ಮಹಾಗಾಂವ ದಾಟುವಾಗ ಡ್ರೈವರ್ ಗಾಡಿ ನಿಲ್ಲಿಸಿದ. “ಸರ್, ಏನೋ ಸುಟ್ಟ ವಾಸನಿ ಬರಾಕತ್ತದ್ರೀ.” ಬಾನೆಟ್ ಎತ್ತಿ ಮೂಸಿದ. “ಎಂಜಿನ್ ಅಲ್ರೀ... ಸೀಟಿನ ಕಡಿಂದ ಬರ್ತದ.”

“ನಡೀರಿ ಸುಮ್ಮ!”

ಕಲಬುರಗಿಯ ದವಾಖಾನೆಯಲ್ಲಿ ಡಾಕ್ಟರು ಎಡ ಹೊಟ್ಟೆ ಒತ್ತಿದ್ದೇ ತಂಗಿ ಚೀರಿದಳು. ಸೋನೋಗ್ರಫಿ, ಸಿಟಿ ಸ್ಕ್ಯಾನ್... “ಗುಲ್ಮದಾಗ, ಅಂದ್ರ ಸ್ಪ್ಲೀನಿನಾಗ, ಕೀವು ತುಂಬ್ಯಾದ. ಟೈಫಾಯ್ಡಿನ ಸೋಂಕು ರಕ್ತದಿಂದ ಅಲ್ಲಿ ಸೇರ್ಯಾದ. ಬ್ಯಾನಿ ಹೊಟ್ಯಾಗದ, ನೋವು ಭುಜದಾಗ ತೋರಸ್ತದ. ಬೆಳಗಾಗೂ ತನಕ ಬಿಟ್ಟಿದ್ರ ಒಳಗ ಒಡೀತಿತ್ತು.”

“ಆ ಸುಟ್ಟ ಗಾಯ, ಡಾಕ್ಟರ್?”

“ಎಲ್ಲದ್ರೀ?”

ಬಗ್ಗಿ ನೋಡಿದೆ. ಚರ್ಮ ನುಣ್ಣಗಿತ್ತು.

ಬೆಳಕು ಹರಿಯುವಷ್ಟರಲ್ಲಿ ಸೂಜಿ ಚುಚ್ಚಿ, ಪೈಪು ಇಟ್ಟು ಕೀವು ಇಳಿಸಿದರು. ಅದಕ್ಕೂ ಬಗ್ಗದಿದ್ದರೆ ಗುಲ್ಮವನ್ನೇ ತೆಗೆಯಬೇಕಿತ್ತಂತೆ. ವಾರಗಟ್ಟಲೆ ಇಂಜೆಕ್ಷನ್ ಆಯಿತು. ಬದುಕಿದಳು.

ಅವಳನ್ನು ಕಮಲಾಪುರಕ್ಕೆ ಬಿಟ್ಟು ಬರಲು, ಅತ್ತೆಯ ಕ್ಷಮೆಯನ್ನೂ ಕೇಳಬೇಕೆಂದು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಂಗಿಯ ಸೆರಗು ಸರಿಸಿದಳು.

“ನೀ ಅವತ್ತ ನೋಡಿದ್ದು ಇದಾ ಹೌದಲ್ಲೋ?”

ಮಾಗಿದ ಗಾಯ. ದುಂಡಗೆ, ಅಂಚು ಕಪ್ಪಗೆ, ಬೆರಳ ತುದಿಯಷ್ಟು.

“ಅದು ಪೈಪಿನ ಕಲಿ!” ಕೂಗಿದೆ.

“ಹೌದಪಾ. ಪೈಪ್ ಹಾಕಿದ್ದು ಕಲಬುರ್ಗ್ಯಾಗ. ನೀ ನನಗ ಬೈದದ್ದು ಅದಕ್ಕೂ ಮೊದಲ, ಇಲ್ಲಿ.”

ಕ್ಷಮೆ ಕೇಳದೆ ಎದ್ದು ಬಂದೆ.

ಆಮೇಲೆ ಕಂಡ ಕಲೆಯನ್ನು ನೆನಪು ಹಿಂದಕ್ಕೆ ಒಯ್ದು ಆ ರಾತ್ರಿಗೆ ಅಂಟಿಸಿರಬೇಕು. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಆ ಕಾರಿನವ ಸ್ಟೇಶನ್ ಬಜಾರದಲ್ಲಿ ಕಂಡಾಗಲೆಲ್ಲ ದನಿ ತಗ್ಗಿಸಿ ಕೇಳುತ್ತಾನೆ. ಅವನ ಮೇಲೂ ರೇಗುತ್ತೇನೆ...

“ಸರ್, ಅವತ್ತ ಏನ್ ಸುಟ್ಟಿತ್ರೀ?”