ಕಂಪ್ಯೂಟರಿನಲ್ಲಿ ಕಾಲುವೆ ಹರಿಸಿದ ಮದಾರಸಾಬ

ಬೆಳಗಿನ ಐದೂವರೆ. ಗಂಗಾವತಿ ಬಳಿಯ ಶ್ರೀರಾಮನಗರದಾಚೆ ಉಪಕಾಲುವೆಯ ಗೇಟಿನ ಬಳಿ ಮದಾರಸಾಬ ನೀರಿಗಿಳಿದು, ಅಳತೆಪಟ್ಟಿಗೆ ಅಂಟಿದ ಪಾಚಿ ಒರೆಸುತ್ತಾರೆ. ಎರಡು ಅಡಿ ಏಳು ಇಂಚು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮೇಲೆ ಹತ್ತಲು ಗೇಟಿನ ಸರಳು ಹಿಡಿಯಬೇಕು. ಐವತ್ನಾಲ್ಕರ ಮಂಡಿಗಳು ಮಾತು ಕೇಳುವುದಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ಅವರಿಲ್ಲಿ ಕಾಲುವೆ ಕಾಯ್ದು ನೀರು ಬಿಡುವ ದಿನಗೂಲಿ ಗ್ಯಾಂಗ್‌ಮನ್. ಒಂಬತ್ತು ಕಿಲೋಮೀಟರು ಕಾಲುವೆ, ಮೂವತ್ತೊಂದು ತೂಬು, ಒಂದು ಸೈಕಲ್ಲು.

ಮೂರು ವರ್ಷದ ಹಿಂದೆ ಕಾಲುವೆಯ ಕೊನೆಗೆ ನೀರು ಮುಟ್ಟದೆ ಭತ್ತ ಒಣಗಿತು. ಅಲ್ಲಿನ ರೈತ ಉಮಾಪತಿ ಹತ್ತಾರು ಜನರೆದುರು ಇವರ ಕೊರಳಪಟ್ಟಿ ಹಿಡಿದರು.

“ಮ್ಯಾಲಿನ ಹೊಲದವರಿಗೆ ನೀರು ಮಾರಿಕೊಂಡಿ ಅಂದ್ರು. ನಾ ಮಾರಿಲ್ರಿ. ಆದ್ರ ನೀರು ಎಲ್ಲಿ ಹೋತು ಅಂತ ಹೇಳಾಕ ನನಗ ಬರಲಿಲ್ಲ. ಅದಕ್ಕ ಭಾಳ ನಾಚಿಕಿ ಆತು.”

ಪಿಯುಸಿ ವಿಜ್ಞಾನ ಅರ್ಧಕ್ಕೆ ಬಿಟ್ಟಿದ್ದ ಮದಾರಸಾಬ, ಗಂಗಾವತಿಯ ಕಾಲೇಜೊಂದರ ಗಣಿತ ಉಪನ್ಯಾಸಕಿ ಅಮೃತಾ ಅವರ ಮನೆಗೆ ನೀರಿನ ಅಳತೆ ಬರೆದ ನೋಟ್‌ಬುಕ್ಕುಗಳ ಚೀಲ ಹೊತ್ತು ಹೋದರು. ಅಂದಿನಿಂದ ಭಾನುವಾರ ಮಧ್ಯಾಹ್ನ ಪಾಠ. ಕಾಲುವೆಯನ್ನು ಹದಿನೆಂಟು ತುಂಡು ಮಾಡಿ, ಪ್ರತಿ ತುಂಡಿಗೂ ಬರುವ, ಹೋಗುವ, ಇಂಗುವ ನೀರನ್ನು ಬರೆದರೆ, ಕಂಪ್ಯೂಟರು ಅದನ್ನು ಗಂಟೆ ಗಂಟೆಗೆ ಹರಿಸಿ ತೋರಿಸುತ್ತದೆ.

ನಾಲ್ಕು ತಿಂಗಳು ಅದು ತಪ್ಪನ್ನೇ ತೋರಿಸಿತು. ಗೇಟು ಬಿಟ್ಟ ಏಳು ಗಂಟೆಯೊಳಗೆ ನೀರು ಕೊನೆ ಮುಟ್ಟುತ್ತದೆ ಎನ್ನುತ್ತಿತ್ತು. ನಿಜದ ನೀರಿಗೆ ಹದಿಮೂರು ಗಂಟೆ ಬೇಕಿತ್ತು.

“ಸಾಕಾತ್ರಿ ಮೇಡಂ, ಬಿಡ್ತೀನಿ ಅಂದೆ. ‘ಮದಾರಸಾಬರ, ಎಲ್ಲಿಂದ ತಪ್ಪಾಕತ್ತೈತಿ, ಅಷ್ಟು ನೋಡ್ಕೊಂಡು ಬಿಡ್ರಿ’ ಅಂದ್ರು.”

ನೋಟ್‌ಬುಕ್ಕು ತಾಳೆ ನೋಡಿದಾಗ ಐದು ಮತ್ತು ಆರನೇ ಕಿಲೋಮೀಟರಿನ ನಡುವೆ ವ್ಯತ್ಯಾಸ ಸಿಕ್ಕಿತು. ಸೊಂಟಮಟ್ಟ ಇಳಿದು ನಡೆದರು: ತಳದಲ್ಲಿ ಹೂಳು, ಜೊಂಡು. ನೀರನ್ನು ನಿಧಾನಗೊಳಿಸುವ ಆ ಒರಟುತನವನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ ವ್ಯತ್ಯಾಸ ಅರ್ಧ ಗಂಟೆಗಿಳಿಯಿತು. ಮೇಲಿನ ತೂಬುಗಳಲ್ಲಿ ಅರ್ಧವನ್ನು ಮೊದಲ ಆರು ಗಂಟೆ ಮುಚ್ಚಿದರೆ ಕೊನೆಗೂ ನೀರು ಸಿಗುತ್ತದೆಂದು ಪರದೆ ತೋರಿಸಿತು. ಒಂದು ಸರದಿ ಹಾಗೆ ಬಿಟ್ಟು ನೋಡಲು ನೀರಾವರಿ ಇಲಾಖೆಯವರು ಒಪ್ಪುವಷ್ಟರಲ್ಲಿ ಎಂಟು ತಿಂಗಳು ಕಳೆಯಿತು. ನೀರು ಕೊನೆ ಮುಟ್ಟಿತು.

ಈಗ ಮೇಲಿನ ತೂಬಿನ ರೈತರು ಬೈಯುತ್ತಾರೆ. ಜೊಂಡು ಮತ್ತೆ ಬೆಳೆಯುತ್ತದೆ, ಮತ್ತೆ ಇಳಿದು ಅಳೆಯಬೇಕು. ಉಮಾಪತಿ ಕ್ಷಮೆ ಕೇಳಿಲ್ಲ, ಆದರೆ ಪ್ರತಿ ಸರದಿಗೆ ಮುಂಚೆ ಫೋನ್ ಮಾಡಿ, “ನೀರು ಎಷ್ಟೊತ್ತಿಗೆ ಬರ್ತೈತ್ರಿ?” ಎಂದು ಕೇಳುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಮದಾರಸಾಬ ಒದ್ದೆ ಪ್ಯಾಂಟಿನ ಅಂಚು ಹಿಂಡುತ್ತಾರೆ.

“ನೀರು ಹರಿಯೋ ಸೂತ್ರ ಮೇಡಂ ಕೊಟ್ಟಿದ್ದು. ನಾ ಬರೇ ಅಂಕಿ ತುಂಬ್ತೀನ್ರಿ. ಆ ಸೂತ್ರ ಹ್ಯಾಂಗ ಬಂತು ಅನ್ನೋದು ಇನ್ನೂ ತಿಳದಿಲ್ಲ. ಮೈಯಾಗ ತ್ರಾಣ ಇರೋದ್ರೊಳಗ ಅದೊಂದು ತಿಳ್ಕೋಬೇಕು.”