ಪಟ್ಟದ ಗೊಂಬೆಗಳ ಮೇಲೊಂದು ಬಾಂಬರ್

ಆಗೆಲ್ಲ ನಮ್ಮ ಮನೆಯ ದಸರಾ ರಟ್ಟಿನ ಪೆಟ್ಟಿಗೆಗಳ ಮೇಲೆ ನಡೆಯುತ್ತಿತ್ತು. ಮೈಸೂರಿನಿಂದ ಸಾಮಾನು ಬಂದ ಪೆಟ್ಟಿಗೆಗಳನ್ನು ಅಮ್ಮ ಎಸೆಯದೆ ಬೀರುವಿನ ಹಿಂದೆ ಮಡಿಸಿಟ್ಟಿರುತ್ತಿದ್ದಳು. ನವರಾತ್ರಿಯ ಹಿಂದಿನ ದಿನ ಅವು ಹೊರಬಂದು, ಒಂದರ ಮೇಲೊಂದು ಕೂತು, ಅಪ್ಪನ ಬಿಳಿ ಪಂಚೆ ಹೊದ್ದು ಮೆಟ್ಟಿಲುಗಳಾಗುತ್ತಿದ್ದವು. ಟೋಕಿಯೋದ ಫುನಾಬೊರಿಯಲ್ಲಿ ಬೆಳೆದ ನನ್ನ ಓರಗೆಯ ಕನ್ನಡದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗೆ ಸಣ್ಣ ಕಿತ್ತಳೆ ಬಣ್ಣದ ಹೂ ಬಿಡುವ ಕಿನ್‌ಮೋಕುಸೇ ಗಿಡದ ವಾಸನೆ, ಒಳಗೆ ಕಡಲೆಕಾಳು ಉಸಲಿಯ ಇಂಗಿನ ಒಗ್ಗರಣೆ. ಎರಡೂ ಬೆರೆತರೆ ನನ್ನ ಪಾಲಿಗೆ ಇವತ್ತಿಗೂ ಗೊಂಬೆ ಹಬ್ಬ.

ಈಗ ನಾನು ದಿನಾ ಡೈರಿ ಬರೆಯುತ್ತೇನೆ. ಹತ್ತನೇ ವಯಸ್ಸಿನಲ್ಲಿ ಬರೆಯುತ್ತಿರಲಿಲ್ಲ. ಹಾಗಾಗಿ ಆ ಒಂದು ದಸರೆಯ ಬಗ್ಗೆ ಇಲ್ಲಿ ಬರೆಯುವುದರಲ್ಲಿ ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಓದಿ ಸೇರಿಸಿಕೊಂಡದ್ದೆಷ್ಟು ಎಂದು ನನಗೇ ಅನುಮಾನ. ಅನುಮಾನ ಬಂದಲ್ಲಿ ಹೇಳುತ್ತೇನೆ.

ಅಪ್ಪ ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ನಾನು ಉಂಡ ಮೇಲೆ. ಅಮ್ಮನಿಗೆ ಜಪಾನೀಸ್ ಬರುತ್ತಿರಲಿಲ್ಲ. ಸುಮಿಮಾಸೆನ್ ಎಂಬ ಒಂದೇ ಪದದಲ್ಲಿ ಕ್ಷಮೆ, ಧನ್ಯವಾದ, ದಾರಿ ಬಿಡಿ ಎಲ್ಲವನ್ನೂ ನಿಭಾಯಿಸುತ್ತಿದ್ದಳು. ಎಷ್ಟೋ ದಿನ ಅವಳು ಹೊಸಿಲು ದಾಟುತ್ತಿದ್ದದ್ದು ಕಸ ಹಾಕುವುದಕ್ಕೆ ಮಾತ್ರ. ಅಲ್ಲೇ ಅವಳಿಗೆ ಪಕ್ಕದ ಮನೆಯ ಮೋರಿತಾ ಸಾನ್ ಸಿಕ್ಕಿದ್ದು. ಒಂಟಿ ಅಜ್ಜಿ, ಎಪ್ಪತ್ತರ ಹತ್ತಿರ. ತಪ್ಪು ದಿನ ತಪ್ಪು ಕಸ ಹಿಡಿದು ನಿಂತಿದ್ದ ಅಮ್ಮನ ಕೈಯಿಂದ ಚೀಲ ತೆಗೆದುಕೊಂಡು, ಕೂತು, ಯಾವುದು ಸುಡುವ ಕಸ, ಯಾವುದು ಸುಡದ ಕಸ ಅಂತ ಒಂದೊಂದಾಗಿ ತೋರಿಸಿದ್ದರು. ಆಮೇಲೆ ಮಾರ್ಚಿನಲ್ಲಿ ಜಪಾನಿನ ಹೆಣ್ಣುಮಕ್ಕಳ ಗೊಂಬೆ ಹಬ್ಬ ಬಂದಾಗ ಅವರ ಜೊತೆ ಹೋಗಿದ್ದ ಅಂಗಡಿಯಲ್ಲಿ ಕೆಂಪು ಬಟ್ಟೆಯ ಮೆಟ್ಟಿಲು, ಮೇಲೆ ರಾಜ ರಾಣಿ ನೋಡಿ ಅಮ್ಮ ಕುಣಿದಾಡಿಬಿಟ್ಟಳು. "ನಮ್ಮಲ್ಲೂ ಇದೇ ಇದೆ ಅಂತ ಹೇಳೇ!" ಶಾಲೆಯಲ್ಲಿ ಜಪಾನೀಸ್ ಕಲಿತಿದ್ದ ನಾನು ಹೇಳಿದೆ. ಮೋರಿತಾ ಸಾನ್ ನಕ್ಕು, ತಮ್ಮ ಗೊಂಬೆಗಳು ಯುದ್ಧದಲ್ಲಿ ಸುಟ್ಟು ಹೋದವು ಅಂದರು. ಹಬ್ಬ ಮುಗಿದ ಕೂಡಲೇ ಗೊಂಬೆ ಎತ್ತಿಡದಿದ್ದರೆ ಮಗಳ ಮದುವೆ ತಡವಾಗುತ್ತದೆ ಅಂತಲೂ ಅಂದರು. ಅಮ್ಮ, "ನಮ್ಮಲ್ಲಿ ಉಲ್ಟಾ. ಕೂರಿಸಿದ್ದನ್ನ ವಿಜಯದಶಮಿ ತನಕ ಅಲ್ಲಾಡಿಸೋ ಹಾಗಿಲ್ಲ," ಅಂದಳು. ಅವತ್ತಿನಿಂದ ಅಮ್ಮನಿಗೆ ಆ ಊರಲ್ಲಿ ಒಬ್ಬ ಸ್ನೇಹಿತೆ. ಒಬ್ಬರೇ.

ಆ ವರ್ಷ ಮೆಟ್ಟಿಲ ಕೆಳಗೆ ಬೆಂಗಳೂರು ಏರ್‌ಪೋರ್ಟ್ ಮಾಡುವುದೆಂದು ತೀರ್ಮಾನವಾಗಿತ್ತು. ಬೇಸಿಗೆ ರಜೆಯಲ್ಲೇ ಅಪ್ಪ ಮುಚ್ಚಿಹೋಗುತ್ತಿದ್ದ ಅಂಗಡಿಯೊಂದರಿಂದ ವಿಮಾನದ ಕಿಟ್ ತಂದಿದ್ದರು. ಬೆಳ್ಳಿ ಬಣ್ಣ, ನಾಲ್ಕು ಎಂಜಿನ್, ನನ್ನ ತೋಳಿಗಿಂತ ಉದ್ದದ ರೆಕ್ಕೆ. ಡಬ್ಬದ ಮೇಲಿನ ಜಪಾನೀಸ್ ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಬಿ-29 ಅಂತಿದ್ದದ್ದನ್ನು ನೋಡಿ, "ಯಾವುದೋ ಹಳೇ ಮಾಡಲ್ ಮರಿ, ಬೋಯಿಂಗ್ ಥರ," ಅಂದರು. ನಾನೂ ಹೆಚ್ಚು ಯೋಚಿಸಲಿಲ್ಲ. ಜೀರುಂಡೆಗಳ ಗದ್ದಲದಲ್ಲಿ, ಕಿಟಕಿ ಹಾಕಿದ ಕೋಣೆಯಲ್ಲಿ, ಮೂಗಿಗೇರುವ ಅಂಟಿನ ವಾಸನೆಯಲ್ಲಿ ಭಾನುವಾರಗಳನ್ನೆಲ್ಲ ಅದಕ್ಕೇ ಕೊಟ್ಟೆವು. ಅಕ್ಕಿಕಾಳಿನಷ್ಟು ಮನುಷ್ಯರೂ ಇದ್ದರು. ಅವರನ್ನು ಚಿಮುಟದಲ್ಲಿ ಹಿಡಿದು ಸೀಟಿಗೆ ಅಂಟಿಸಿ, ವಿಮಾನದ ಎರಡು ಹೋಳು ಸೇರಿಸಿ ಅಂಟು ಹಾಕಿದೆವು. ಒಣಗಿದ ಮೇಲೆ ಎತ್ತಿದರೆ ಒಳಗೆ ಕಟಕಟ ಸದ್ದು. ಬಾಲದಲ್ಲಿ ಕೂರಿಸಿದ್ದವನು ಕಿತ್ತು ಬಂದಿದ್ದ.

"ತೆಗೀರಿ ಅಪ್ಪ."

"ಆಗಲ್ಲ ಮರಿ. ತೆಗೀಬೇಕು ಅಂದ್ರೆ ವಿಮಾನ ಒಡೀಬೇಕು. ಇರ್ಲಿ ಬಿಡು, ಒಳಗೇ ಓಡಾಡ್ಕೊಂಡಿರ್ತಾನೆ."

ಹಬ್ಬದ ಮೊದಲ ದಿನ ಅದನ್ನು ಪರದೆಯ ಕೋಲಿಗೆ ದಾರ ಕಟ್ಟಿ, ಪಟ್ಟದ ಗೊಂಬೆಗಳ ನೆತ್ತಿಯ ಮೇಲೆ ತೂಗುಬಿಟ್ಟೆವು. ಎಲ್ಲ ಗೊಂಬೆಗೂ ಇಟ್ಟ ಹಾಗೆ ಅಮ್ಮ ಅದರ ಮೂತಿಗೂ ಕುಂಕುಮ ಇಟ್ಟಳು. ವಾಹನ ತಾನೇ.

ಮಾರನೇ ಸಂಜೆ ಮೋರಿತಾ ಸಾನ್ ಬಂದರು. ಮೊಣಕಾಲೂರಿ ಕೂತು, ಮೇಲಿನ ಮೆಟ್ಟಿಲಿನಿಂದ ಒಂದೊಂದೇ ಗೊಂಬೆ ನೋಡುತ್ತ, ಚೆಂದ ಚೆಂದ ಅನ್ನುತ್ತಿದ್ದರು. ಅಮ್ಮ ನನ್ನ ಬೆನ್ನು ತಿವಿದಳು. "ವಿಮಾನ ತೋರಿಸೇ. ನೀನೇ ಮಾಡಿದ್ದು ಅನ್ನು."

ನಾನು ರೆಕ್ಕೆಯನ್ನು ಸ್ವಲ್ಪ ತಳ್ಳಿದೆ. ವಿಮಾನ ದಾರದಲ್ಲಿ ಮೆಲ್ಲಗೆ ತಿರುಗಿತು. ಒಳಗೆ ಆ ಮನುಷ್ಯ ಉರುಳಿದ. ಮೋರಿತಾ ಸಾನ್ ತಲೆ ಎತ್ತಿದರು. ಮುಖದಲ್ಲಿ ಏನಿತ್ತು ಎಂದು ನನಗೆ ನೆನಪಿಲ್ಲ. ಇದೆ ಅಂದುಕೊಂಡರೂ ನಂಬುವುದಿಲ್ಲ. ಎದ್ದು, ಒಲೆಯ ಮೇಲೆ ನೀರಿಟ್ಟು ಬಂದಿದ್ದೇನೆ ಅಂದು ಹೊರಟುಹೋದರು.

"ಏನಾಯ್ತೇ? ಕುಂಕುಮ ತಗೊಳ್ದೆ ಹೋದ್ರಲ್ಲೇ! ಉಸಲಿ ಕೈಗೇ ಕೊಟ್ಟಿಲ್ಲ ನಾನು."

ಅಪ್ಪ ಬಂದ ಮೇಲೆ ಕಂಪ್ಯೂಟರಿನಲ್ಲಿ ಹುಡುಕಿ ನೋಡಿ ತಲೆ ಮೇಲೆ ಕೈ ಹೊತ್ತುಕೊಂಡರು. "ಅಯ್ಯೋ, ಇದು ಬಾಂಬರ್ ಕಣೆ. ಯುದ್ಧದಲ್ಲಿ ಈ ಊರು ಸುಟ್ಟಿದ್ದೇ ಇದು."

"ತಂದಿದ್ದು ಯಾರು?"

"ನೋಡೋಕೆ ಚೆನ್ನಾಗಿತ್ತು. ಸರಿ, ಬಿಚ್ಚಿಬಿಡೋಣ ಬಿಡು."

"ಬಿಚ್ಚೋ ಹಾಗಿಲ್ಲ. ಕೂರಿಸಿ ಆಗಿದೆ, ಕುಂಕುಮ ಇಟ್ಟಾಗಿದೆ."

"ಅದೇನು ಗೊಂಬೆನಾ?"

"ಈಗ ಗೊಂಬೆನೇ."

ಅಮ್ಮನದು ಬರೀ ಹಟ ಎಂದು ಅಪ್ಪ ಗೊಣಗಿದರು. ಇಷ್ಟು ವರ್ಷದ ಮೇಲೆ ನನಗೆ ಅನಿಸುವುದು ಬೇರೆ. ಆ ದೇಶದಲ್ಲಿ ಅವಳು ತನ್ನ ತಾಯಿ ಮಾಡಿದ ಹಾಗೇ, ಒಂದಿಷ್ಟೂ ತಪ್ಪದೆ ಮಾಡುತ್ತಿದ್ದದ್ದು ಅದೊಂದನ್ನೇ. ಅದನ್ನು ನಡುವೆ ಕೆಡಿಸಲಾರಳು. ಕೆಡಿಸದಿದ್ದರೆ ಇದ್ದ ಒಬ್ಬ ಸ್ನೇಹಿತೆಯೂ ಉಳಿಯುವುದಿಲ್ಲ.

ಚಂಡಮಾರುತ ಬರುತ್ತದೆಂದು ಆ ವಾರ ಪೂರ್ತಿ ಮಳೆ. ಕಿಟಕಿ ತೆಗೆಯುವಂತಿಲ್ಲ, ಪಾರ್ಕಿಗೆ ಹೋಗುವಂತಿಲ್ಲ. ಅಮ್ಮ ವಿಮಾನದ ಮೇಲೆ ತನ್ನ ಹಳೇ ದುಪಟ್ಟಾ ಹೊದಿಸಿದಳು. ಮುಚ್ಚಿದ ಮೇಲೆ ಅದು ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಪಕ್ಕದ ಮನೆಗೆ ಕೇಳಬಾರದೆಂದು ಸಂಜೆ ಆರತಿ ಹಾಡನ್ನು ಪಿಸುದನಿಯಲ್ಲಿ ಹಾಡಿದೆವು. ನಮ್ಮ ಬಾಲ್ಕನಿಗೂ ಅವರ ಬಾಲ್ಕನಿಗೂ ನಡುವೆ ಇದ್ದದ್ದು ಒಂದು ತೆಳು ಹಲಗೆ. ಬೆಂಕಿ ಬಿದ್ದರೆ ಇದನ್ನು ಒಡೆದು ಪಾರಾಗಿ ಎಂದು ಅದರ ಮೇಲೆ ಬರೆದಿತ್ತು. ಅದರಾಚೆಯಿಂದ ಅವರ ರೇಡಿಯೋ ಕೇಳಿಸುತ್ತಿತ್ತು. ಕಸದ ದಿನ ಅಮ್ಮ ಚೀಲ ಹಿಡಿದು, ಚಪ್ಪಲಿ ಮೆಟ್ಟಿ, ನಮ್ಮ ಬಾಗಿಲಿಗೆ ಕಿವಿ ಕೊಟ್ಟು ನಿಂತಿರುತ್ತಿದ್ದಳು. ಆಚೆ ಬಾಗಿಲು ತೆಗೆದು, ಮುಚ್ಚಿ, ಹೆಜ್ಜೆ ಸದ್ದು ಅಡಗಿದ ಮೇಲೇ ಇವಳು ಹೊರಗೆ ಕಾಲಿಡುವುದು. ಶಾಲೆಯಿಂದ ಬಂದ ನನ್ನನ್ನು ದಿನಾ ಒಂದೇ ಕೇಳುತ್ತಿದ್ದಳು: "ಲಿಫ್ಟಲ್ಲಿ ಸಿಕ್ಕಿದ್ರಾ? ಮಾತಾಡಿಸಿದ್ರಾ?" ಸಿಕ್ಕಿರಲಿಲ್ಲ.

ಮಹಾನವಮಿಯ ಮಧ್ಯಾಹ್ನ ಬೆಲ್ ಆಯಿತು. ಮೋರಿತಾ ಸಾನ್, ಕೈಯಲ್ಲಿ ಪೇರು ಹಣ್ಣಿನ ಚೀಲ. ನನ್ನನ್ನು ನೋಡಿ ಮೊದಲು ಅಂದದ್ದು, "ಮೊನ್ನೆ ನಾನು ಒಲೆಯ ಮೇಲೆ ನೀರಿಟ್ಟಿರಲಿಲ್ಲ."

ಅಮ್ಮ ಸುಮಿಮಾಸೆನ್ ಸುಮಿಮಾಸೆನ್ ಅನ್ನುತ್ತ ಬಾಗುತ್ತಲೇ ಇದ್ದಳು. ಅಜ್ಜಿ ಅವಳ ತೋಳು ಹಿಡಿದು ನಿಲ್ಲಿಸಿ, ದುಪಟ್ಟಾ ತೆಗೆಯಲು ಸನ್ನೆ ಮಾಡಿದರು. ಆಮೇಲೆ ಇಬ್ಬರೂ ನೆಲದ ಮೇಲೆ ಕೂತರು. ನಡುವೆ ನಾನು. ಎದ್ದು ಹೋಗುವಂತಿರಲಿಲ್ಲ. ಅವರ ಮಾತು ಇವಳಿಗೆ ತಲುಪಬೇಕಾದರೆ ನಾನೇ ಬೇಕಿತ್ತು.

ಅವರು ಹೇಳಿದ್ದು ಹೀಗೆ, ಅಥವಾ ಹೀಗೆಂದು ನಾನು ಇಷ್ಟು ವರ್ಷ ಇಟ್ಟುಕೊಂಡು ಬಂದಿದ್ದೇನೆ. ಅವರಿಗೆ ಆಗ ಏಳು ವರ್ಷ. ಮನೆ ನದಿಯಾಚೆ, ಕೋಟೋ ಕಡೆ. ಚಳಿಗಾಲದ ಹಗಲುಗಳಲ್ಲಿ ವಿಮಾನಗಳು ತುಂಬ ಎತ್ತರದಲ್ಲಿ ಬೆಳ್ಳಗೆ ಹೊಳೆಯುತ್ತ ಹೋಗುತ್ತಿದ್ದವು. "ನಮಗೆ ಅವು ಚೆಂದ ಕಾಣುತ್ತಿದ್ದವು. ಹಾಗೆ ಬಾಯಿಬಿಟ್ಟು ಹೇಳುವಂತಿರಲಿಲ್ಲ." ಒಂದು ದಿನ ಒಂದಕ್ಕೆ ಪೆಟ್ಟು ಬಿತ್ತು. ರೆಕ್ಕೆಯಿಂದ ಹೊಗೆ ಬಂದು, ಮುರಿದು, ಯಾವ ಆತುರವೂ ಇಲ್ಲದ ಹಾಗೆ ಕೆಳಗಿಳಿಯಿತು. ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಇವರು. ಆಕಾಶದಲ್ಲಿ ಒಂದೇ ಒಂದು ಪ್ಯಾರಾಚೂಟ್ ಬಿಚ್ಚಿಕೊಂಡಿತು. "ಇನ್ನೂ ಬರುತ್ತವೆ ಅಂತ ನೋಡುತ್ತ ನಿಂತೆ. ಬರಲಿಲ್ಲ. ಒಳಗೆ ಎಷ್ಟು ಜನ ಇರ್ತಾರಮ್ಮ ಅಂತ ಕೇಳಿದೆ. ಅಮ್ಮ ನನ್ನ ಬಾಯಿ ಮುಚ್ಚಿದಳು."

ಮಾರ್ಚಿನಲ್ಲಿ ಅವು ಮತ್ತೆ ಬಂದವು. ಈ ಸಲ ಕತ್ತಲಲ್ಲಿ, ತೀರಾ ಕೆಳಗೆ. ಬೆಳಗಾದಾಗ ಓಣಿ ಇರಲಿಲ್ಲ. ಅವರ ಅಮ್ಮ ಇರಲಿಲ್ಲ, ತಮ್ಮ ಇರಲಿಲ್ಲ.

"ವಿಮಾನದೊಳಗಿನವರು ಸಾಯುವುದನ್ನು ನೋಡಿ ಚಪ್ಪಾಳೆ ತಟ್ಟಿದೆ. ಅದಕ್ಕೇ ಬಂದರು. ಏಳು ವರ್ಷದವಳಿಗೆ ಹಾಗೆ ತೋಚಿತು. ಮುದುಕಿಯಾದರೂ ಆ ಯೋಚನೆ ಹೋಗಿಲ್ಲ." ವಿಮಾನದ ಕಡೆ ಬೆರಳು ಮಾಡಿದರು. "ಮೊನ್ನೆ ಒಳಗೆ ಏನೋ ಉರುಳಿತಲ್ಲ, ಯಾರದು?"

"ಬಾಲದಲ್ಲಿ ಕೂತಿರುತ್ತಾನಲ್ಲ, ಅವನು. ತೆಗೆಯಲಿಕ್ಕಾಗಲ್ಲ."

ಅವರು ತಲೆಯಾಡಿಸಿದರು.

"ಏನಂತಾರೆ? ಹೇಳೇ!" ಅಂತ ಅಮ್ಮ. ಇಂಥ ಮಾತನ್ನು ಹೊತ್ತು ದಾಟಿಸುವಷ್ಟು ಕನ್ನಡ ನನ್ನಲ್ಲಿತ್ತೋ ಇಲ್ಲವೋ. ಆದರೂ ಹೇಳಿದೆ. ಚಪ್ಪಾಳೆಯ ಮಾತನ್ನೂ ಹೇಳಿದೆ.

ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ, ನನ್ನನ್ನು ಗದರುವ ದನಿಯಲ್ಲೇ, "ಹೇಳು ಅವರಿಗೆ. ಮಕ್ಕಳು ಚಪ್ಪಾಳೆ ತಟ್ಟಿದ್ರು ಅಂತ ಯಾವ ವಿಮಾನವೂ ಬರಲ್ಲ. ಅದೆಲ್ಲ ದೊಡ್ಡವರು ಕೂತು ಮೊದಲೇ ತೀರ್ಮಾನ ಮಾಡಿದ್ದು. ನೀವು ಮಗು. ಒಳಗಿದ್ದೋರು ಎಷ್ಟು ಜನ ಅಂತ ಕೇಳಿದೋರು ಇಡೀ ಓಣೀಲಿ ನೀವೊಬ್ಬರೇ. ಹೇಳು."

ನನ್ನದು ಶಾಲೆಯ ಅಂಗಳದ ಜಪಾನೀಸ್. "ಚಪ್ಪಾಳೆಗೆ ವಿಮಾನ ಬರಲ್ಲವಂತೆ. ಅಮ್ಮ ಹೇಳ್ತಾಳೆ. ನೀವು ಚಿಕ್ಕವರಿದ್ರಿ." ಅಷ್ಟೇ ಹೇಳಿದೆ ಎಂದು ಕಾಣುತ್ತದೆ. ಕೊನೆಯ ಮಾತು ಬಿಟ್ಟುಹೋಯಿತೋ, ಹೇಗೋ ಜೋಡಿಸಿ ಹೇಳಿದೆನೋ ಗೊತ್ತಿಲ್ಲ. ಮೋರಿತಾ ಸಾನ್ ನನ್ನತ್ತ ನೋಡದೆ ಅಮ್ಮನನ್ನೇ ನೋಡುತ್ತ, "ಹೌದಾ? ಹೌದಾ?" ಅಂತ ಎರಡು ಸಲ ಕೇಳಿದರು. ಅಮ್ಮ ಜೋರಾಗಿ ತಲೆಯಾಡಿಸಿದಳು. ಆಮೇಲೆ ಅವರು ಕುಂಕುಮಕ್ಕೆ ಹಣೆ ಮುಂದೆ ಮಾಡಿದರು.

"ಇದನ್ನ ಈಗಲೇ ತೆಗೀಲಾ?" ಎಂದು ಅಮ್ಮ ಕೈಸನ್ನೆಯಲ್ಲಿ ಕೇಳಿದಳು. ನಾನು ಮಾತು ಕೂಡಿಸುವುದರೊಳಗೆ ಅಜ್ಜಿ ಕೈ ಅಡ್ಡ ಆಡಿಸಿದರು. ನಿಮ್ಮ ದಿನ ಬರುವ ತನಕ ಇರಲಿ. ಉಸಲಿಯನ್ನು ನಮ್ಮ ಹಾಗೆ ಕೈಯಲ್ಲೇ ತಿಂದು, ಖಾರಕ್ಕೆ ಕಣ್ಣು ಮೂಗಲ್ಲೆಲ್ಲ ನೀರು ಸುರಿಸಿಕೊಂಡರು. ಅಮ್ಮ ನಗಲಾರದೆ ನಕ್ಕಳು.

ಮಾರನೇ ಸಂಜೆ ವಾಡಿಕೆಯಂತೆ ಪಟ್ಟದ ಗೊಂಬೆಗಳನ್ನು ಮಲಗಿಸಿದೆವು. ಅಪ್ಪ ದಾರ ಕತ್ತರಿಸಿದರು. ಅಮ್ಮ ವಿಮಾನವನ್ನೂ ಅವುಗಳ ಪಕ್ಕದಲ್ಲೇ, ಒಳಗಿನವನು ಉರುಳದ ಹಾಗೆ ಮೆಲ್ಲಗೆ ಮಲಗಿಸಿದಳು. ಮೋರಿತಾ ಸಾನ್ ಕೂಡ ಇದ್ದರು, ಅವರೇ ದುಪಟ್ಟಾ ಹೊದಿಸಿದರು ಅನ್ನುತ್ತಾಳೆ ಅಮ್ಮ. ನನ್ನ ನೆನಪಿನಲ್ಲಿ ನಾವು ಮೂವರೇ.

ಮುಂದೆ ಅಪ್ಪನಿಗೆ ಒಸಾಕಾಕ್ಕೆ ವರ್ಗವಾಯಿತು. ಮೋರಿತಾ ಸಾನ್ ಅವರಿಂದ ಹೊಸ ವರ್ಷದ ಕಾರ್ಡುಗಳು ಬರುತ್ತಿದ್ದವು, ಒಂದು ವರ್ಷ ಬರಲಿಲ್ಲ. ನಾನು ಅಲ್ಲೇ ಯೂನಿವರ್ಸಿಟಿ ಸೇರಿ ಇತಿಹಾಸ ಓದಿದೆ. ಹನ್ನೊಂದು ಜನ ಕೂರುತ್ತಿದ್ದ ಆ ವಿಮಾನಗಳ ಬಗ್ಗೆ, ಮುಂದಿನವರಿಗೂ ಹಿಂದಿನವರಿಗೂ ನಡುವೆ ತೆವಳಿಕೊಂಡೇ ದಾಟಬೇಕಾಗಿದ್ದ ಕೊಳವೆಯ ಬಗ್ಗೆ, ಬಾಲದಲ್ಲಿ ಒಬ್ಬನೇ ಇರುತ್ತಿದ್ದವನ ಬಗ್ಗೆ, ಪ್ಯಾರಾಚೂಟಿನಲ್ಲಿ ಇಳಿದೂ ಮನೆ ಸೇರದೆ ಸೆರೆಯಲ್ಲೇ ಸತ್ತವರ ಬಗ್ಗೆ ಓದಿದೆ. ಅವರಲ್ಲಿ ಎಷ್ಟೋ ಮಂದಿಗೆ ಈಗಿನ ನನಗಿಂತ ಚಿಕ್ಕ ವಯಸ್ಸು. ಅಜ್ಜಿ ನೋಡಿದ್ದು ಯಾವ ವಿಮಾನ, ಪ್ಯಾರಾಚೂಟಿನಲ್ಲಿ ಹಾರಿದ ಆ ಒಬ್ಬ ಯಾರು ಎಂದು ತಿಳಿಯಲಿಲ್ಲ. ಏಳು ವರ್ಷದ ಹುಡುಗಿ ಒಳಗಿರುವವರೆಷ್ಟು ಎಂದು ಕೇಳಿದ್ದು ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಅಮ್ಮ ಈಗ ಮೈಸೂರಿನಲ್ಲಿ ಸ್ಟೀಲಿನ ಮೆಟ್ಟಿಲ ಮೇಲೆ ಗೊಂಬೆ ಕೂರಿಸುತ್ತಾಳೆ. ಸುಮಿಮಾಸೆನ್ ಕೂಡ ಅವಳ ಬಾಯಿಂದ ಹೋಗಿದೆ. ಪ್ರತಿ ದಸರೆಗೆ ಫೋನಿನಲ್ಲಿ ಒಂದು ಸಲ ಕೇಳುತ್ತಾಳೆ: "ಅವತ್ತು ಅಜ್ಜಿಗೆ ನಾನಂದಿದ್ದೆಲ್ಲ ಹೇಳಿದೆ ತಾನೇ? ಪೂರ್ತಿ?"

"ಹೇಳ್ದೆ ಅಮ್ಮ."

ಹೋದ ಶರತ್ಕಾಲದಲ್ಲಿ ಫುನಾಬೊರಿಗೆ ಹೋಗಿದ್ದೆ. ರೈಲಿನಲ್ಲಿ ಕೂತು ಅಮ್ಮನ ಮಾತನ್ನು ಮನಸ್ಸಿನೊಳಗೇ ಜಪಾನೀಸಿನಲ್ಲಿ ಹೇಳಿಕೊಂಡೆ. ಹಿರಿಯರಿಗೆ ಸಲ್ಲುವ ಗೌರವದೊಂದಿಗೆ, ಕೊನೆಯ ಮಾತೂ ಸೇರಿ, ಎಲ್ಲೂ ತಡವರಿಸದೆ ಬಂತು. ಮಹಡಿ ಹತ್ತಿ ಹೋದರೆ ಆ ಬಾಗಿಲಿಗೆ ಬೇರೆಯವರ ಹೆಸರು. ಬೆಲ್ ಒತ್ತಲು ಕಾರಣವೇ ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ನಿಂತಿದ್ದೆ.