‘ಪಾಸಾದರೆ ಸಾಕು’ ಎಂಬ ನನ್ನ ಪಿಡಿಎಫ್ ಗ್ರಂಥ

ನಾನೊಂದು ಪುಸ್ತಕ ಬರೆದಿದ್ದೇನೆ. ಹೀಗೆಂದ ಕೂಡಲೇ ಎದುರಿಗಿದ್ದವರು ‘ಕೊಡಿ, ನೋಡೋಣ’ ಎಂದು ಕೈಚಾಚುತ್ತಾರೆ. ಕೊಡುವುದಕ್ಕೆ ಏನೂ ಇಲ್ಲ, ಯಾಕೆಂದರೆ ನನ್ನದು ಪಿಡಿಎಫ್. ಅದನ್ನು ಕಪಾಟಿನಲ್ಲಿ ಇಡುವ ಹಾಗಿಲ್ಲ, ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಡುವ ಹಾಗಿಲ್ಲ, ಕೊನೆಗೆ ರದ್ದಿಗೆ ಹಾಕುವ ಭಾಗ್ಯವೂ ಅದಕ್ಕಿಲ್ಲ. ‘ಹಾಗಾದ್ರೆ ಬಿಡುಗಡೆ ಸಮಾರಂಭದಲ್ಲಿ ರಿಬ್ಬನ್ ಎಲ್ಲಿ ಕಟ್ತೀಯ, ಚಾರ್ಜರ್‌ಗಾ?’ ಎಂದು ನನ್ನ ಗಂಡ ಕೇಳಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ಆಡಿದ ಮೊದಲ ಒಳ್ಳೆಯ ಜೋಕು ನನ್ನ ಸಾಹಿತ್ಯ ಸೇವೆಯ ಮೇಲೆಯೇ ಆಗಬೇಕಿತ್ತೆ?

ಪುಸ್ತಕದ ಹೆಸರು ‘ಪಾಸಾದರೆ ಸಾಕು’. ಹತ್ತನೇ ತರಗತಿಯ ಗಣಿತಕ್ಕೆ ಗೈಡು. ನಾವು ಓದುವಾಗ ಗೈಡೆಂದರೆ ಬೀಡಿಯಿದ್ದ ಹಾಗೆ. ಎಲ್ಲರೂ ಸೇದುತ್ತಿದ್ದರು, ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲ. ಆದರೆ ಯೋಚಿಸಿ ನೋಡಿ. ಹಿಂದಿನವರು ಯಾರಿಗೂ ಅರ್ಥವಾಗದ ಹಾಗೆ ನಾಲ್ಕಕ್ಷರದ ಸೂತ್ರ ಬರೆದಿಟ್ಟು ಹೋದರು. ಅದು ತಿಳಿಯಲಿಲ್ಲವೆಂದು ಭಾಷ್ಯ ಬಂತು. ಭಾಷ್ಯ ತಿಳಿಯಲಿಲ್ಲವೆಂದು ಟೀಕೆ ಬಂತು, ಟೀಕೆಗೊಂದು ಟಿಪ್ಪಣಿ ಬಂತು. ಬರೆದವರನ್ನೆಲ್ಲ ಆಚಾರ್ಯರೆಂದು ಕರೆದು ಶಾಲು ಹೊದಿಸಿದೆವು. ಹಾಗೆ ನೋಡಿದರೆ ನಮ್ಮ ಸಂಸ್ಕೃತಿಯಲ್ಲಿ ಮುಕ್ಕಾಲು ಪಾಲು ಗೈಡೇ. ಶಾಲು ಸಿಗದ ಆಚಾರ್ಯೆ ನಾನೊಬ್ಬಳು, ಅಷ್ಟೇ.

ಯಲಹಂಕದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಒಂದು ಬೇಸಿಗೆ ರಜೆಯಲ್ಲಿ ಆ ಶಾಲೆ ತನ್ನ ಹೆಸರಿಗೆ ‘ಗ್ಲೋಬಲ್’ ಎಂದು ಸೇರಿಸಿಕೊಂಡಿತು. ರಜೆ ಮುಗಿಸಿ ಹೋದರೆ, ನಾನು ‘ಎಕ್ಸು, ವೈಯು’ ಎನ್ನುವುದು ಗ್ಲೋಬಿನ ಯಾವ ಮೂಲೆಗೂ ಹೊಂದುವುದಿಲ್ಲವೆಂದು ಗೊತ್ತಾಯಿತು. ಕೆಲಸ ಕಳೆದುಕೊಂಡು ಮನೆಗೆ ಬಂದೆ. ಕೈ ಸುಮ್ಮನಿರಲಿಲ್ಲ. ಅಂಗಡಿಯಲ್ಲಿರುವ ಗೈಡುಗಳನ್ನೆಲ್ಲ ತಿರುವಿ ಹಾಕಿದೆ. ಒಂದೊಂದರ ಮುಖಪುಟದಲ್ಲೂ ರ‍್ಯಾಂಕು ಬಂದ ಮಗು ಹಲ್ಲು ಕಿರಿಯುತ್ತಿತ್ತು. ರ‍್ಯಾಂಕು ಬರುವ ಮಗುವಿಗೆ ಗೈಡು ಯಾಕೆ ಬೇಕು? ಅದು ಬಸ್ ಟಿಕೆಟಿನ ಹಿಂಭಾಗ ಓದಿಕೊಂಡೂ ರ‍್ಯಾಂಕು ಬರುತ್ತದೆ. ಹಿಂದಿನ ಬೆಂಚಿನಲ್ಲಿ ಕೂತು, ‘ಮಿಸ್ ನನ್ನ ಕೇಳದಿದ್ರೆ ಸಾಕು’ ಎಂದು ದೇವರಿಗೆ ಹರಕೆ ಹೊರುವ ಮಕ್ಕಳಿಗೆ ಯಾರೂ ಏನೂ ಬರೆದಿರಲಿಲ್ಲ. ನಾನು ಬರೆದೆ. ಸುಲಭದ ಪಾಠ ಮೊದಲು, ಕಷ್ಟದ್ದು ಕೊನೆಗೆ, ಬಹಳ ಕಷ್ಟದ್ದನ್ನು ‘ಇದನ್ನು ಬಿಟ್ಟುಬಿಡಿ, ಆಕಾಶ ಬೀಳುವುದಿಲ್ಲ’ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದೆ. ನಾನೇ ಟೈಪು ಮಾಡಿ, ನಾನೇ ತಿದ್ದಿ, ನಾನೇ ಇಂಟರ್‌ನೆಟ್ಟಿಗೆ ಏರಿಸಿದೆ. ಈ ಪೈಕಿ ಮಧ್ಯದ ಕೆಲಸವನ್ನು ಬೇರೆಯವರಿಗೆ ಕೊಡಬೇಕಿತ್ತೆಂದು ಆಮೇಲೆ ಗೊತ್ತಾಯಿತು.

ಕೊಂಡವಳು ರೂಪಾ ಒಬ್ಬಳೇ. ಕೊಡಿಗೇಹಳ್ಳಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಓನರ್ ಮುನಿರಾಜಪ್ಪನವರ ಸೊಸೆ ಅವಳು. ಹತ್ತನೇ ತರಗತಿಯಲ್ಲಿ ಗಣಿತ ಒಂದೇ ಹೋಯಿತೆಂದು ತವರಿನವರು ಓದು ಬಿಡಿಸಿ, ಆಮೇಲೆ ಮದುವೆ ಮಾಡಿದ್ದರು. ಮಕ್ಕಳೆಂದರೆ ಪ್ರಾಣ. ಬೀದಿಯ ಪುಟಾಣಿಗಳೆಲ್ಲ ಅವಳ ಹಿಂದೆಯೇ. ಕಟ್ಟಡದ ಕೆಳಗಿನ ಖಾಲಿ ಹಾಲಿನಲ್ಲಿ ಪ್ಲೇ ಹೋಮ್ ತೆರೆಯಬೇಕೆಂದು ಅವಳ ಆಸೆ. ಅದಕ್ಕೆ ಮೊದಲು ತರಬೇತಿಗೆ ಸೇರಬೇಕು, ಸೇರಲು ಹತ್ತನೇ ತರಗತಿ ಪಾಸಾಗಿರಬೇಕು. ಮಾವನವರಿಗೋ ಆ ಹಾಲನ್ನು ಬಿರಿಯಾನಿ ಹೋಟೆಲಿಗೆ ಕೊಡುವ ಮನಸ್ಸು.

‘ಲೆಕ್ಕದಲ್ಲಿ ಡುಮ್ಕಿ ಒಡೆದೋಳು ಸ್ಕೂಲ್ ನಡುಸ್ತಾಳಂತೆ ಮಿಸ್ಸಮ್ಮ,’ ಎಂದು ಮುನಿರಾಜಪ್ಪ ಅವಳ ಎದುರೇ ನನಗೆ ಹೇಳಿದರು. ‘ಆಯ್ತು, ಈ ಸಲ ಪಾಸಾಗಿ ತೋರ್ಸ್ಲಿ, ಬೀಗದ ಕೈ ಕೊಟ್ಬುಡ್ತೀನಿ. ಇಲ್ಲಾಂದ್ರೆ ಬಿರಿಯಾನಿನೇ.’

ರೂಪಾ ಮಾರನೆಯ ದಿನವೇ ಗೈಡು ಕೊಂಡಳು. ಕೊಂಡವಳು ತನ್ನ ಹಾಗೆ ಪರೀಕ್ಷೆಗೆ ಕಟ್ಟಿದ್ದ ಗೆಳತಿಯರಿಗೆ ಫಾರ್ವರ್ಡ್ ಮಾಡಿದಳು. ಅವರು ತಮ್ಮ ಅಕ್ಕಪಕ್ಕದ ಮಕ್ಕಳಿಗೆ, ಮಕ್ಕಳು ಕ್ಲಾಸಿನ ಗ್ರೂಪಿಗೆ. ಹೀಗೆ ನನ್ನ ಗ್ರಂಥ ಹೆಬ್ಬಾಳ ದಾಟಿ ಆರ್.ಟಿ. ನಗರಕ್ಕೆ ಹೋಯಿತು, ಇತ್ತ ಬಾಗಲೂರಿಗೂ ಹೋಯಿತು. ಒಂದು ದಿನ ತಿರುಗಾಡಿ ಸುಸ್ತಾದ ಮಗಳ ಹಾಗೆ ನನ್ನ ಫೋನಿಗೇ ವಾಪಸು ಬಂತು. ತೆರೆದು ನೋಡಿದರೆ ಲೇಖಕರ ಹೆಸರಿದ್ದ ಜಾಗದಲ್ಲಿ ಯಲಹಂಕದ ಒಂದು ಟ್ಯೂಷನ್ ಸೆಂಟರಿನ ಹೆಸರು, ಅದರ ಮಾಲೀಕರಾದ ಸಂತೋಷ್ ಸರ್ ಅವರ ಕೈಕಟ್ಟಿದ ಫೋಟೋ!

ಉರಿದುಹೋಯಿತು. ಕೇಸು ಹಾಕುತ್ತೇನೆಂದು ಅಡುಗೆಮನೆಯಿಂದ ಹಾಲಿಗೂ ಹಾಲಿನಿಂದ ಅಡುಗೆಮನೆಗೂ ಓಡಾಡಿದೆ. ‘ಕದಿಯೋ ಅಷ್ಟು ಚೆನ್ನಾಗಿದೆ ಅಂತಾಯ್ತಲ್ಲ,’ ಎಂದರು ಗಂಡ. ಕೋಪದ ಮಧ್ಯೆ ಸ್ವಲ್ಪ ಖುಷಿಯೂ ಆಯಿತು. ನಿಮ್ಮ ಹತ್ತಿರ ಯಾಕೆ ಸುಳ್ಳು ಹೇಳಲಿ?

ಪರೀಕ್ಷೆ ಸೋಮವಾರ ಇತ್ತು. ಹಿಂದಿನ ಶುಕ್ರವಾರ ಬೆಳಿಗ್ಗೆ ರೂಪಾ ಪಠ್ಯಪುಸ್ತಕ ಹಿಡಿದುಕೊಂಡು ಮೇಲೆ ಬಂದಳು. ಮುಖದಲ್ಲಿ ಗೆದ್ದ ಕಳೆ.

‘ಮಿಸ್, ಗೌರ್ಮೆಂಟ್ ಪುಸ್ತಕದಲ್ಲಿ ಒಂದು ತಪ್ಪು ಹಿಡ್ದಿದ್ದೀನಿ! ಶಂಕುವಿನ ಪಾಠ ನೋಡಿ. ಅವ್ರು ಸುತ್ತಲಿನ ಮೇಲ್ಮೈಗೆ ಓರೆ ಎತ್ತರ ತಗೋಬೇಕು ಅಂತ ಹಾಕಿದ್ದಾರೆ. ನಿಮ್ದ್ರಲ್ಲಿ ನೇರ ಎತ್ತರ ಅಂತ ಸರಿಯಾಗಿದೆ.’

ಶಂಕು ಎಂದರೆ ಹುಟ್ಟುಹಬ್ಬದ ಟೋಪಿಯ ಆಕಾರ. ಟೋಪಿಗೆ ಎಷ್ಟು ಕಾಗದ ಬೇಕೆಂದು ಲೆಕ್ಕ ಹಾಕುವಾಗ ಅದರ ಇಳಿಜಾರಿನ ಉದ್ದವನ್ನೇ ಹಿಡಿಯಬೇಕು. ಸರ್ಕಾರ ಸರಿಯಾಗಿಯೇ ಬರೆದಿತ್ತು. ನಾನೇ ಟೈಪಿಸುವ ಆತುರದಲ್ಲಿ ನೇರ ಎತ್ತರವೆಂದು ಹಾಕಿದ್ದೆ. ನನ್ನ ತಪ್ಪಿಗಿಂತ ಹೆಚ್ಚಾಗಿ ಹೆದರಿಸಿದ್ದು ಅವಳ ನಂಬಿಕೆ. ಸರ್ಕಾರ ತಪ್ಪಿದರೂ ಮಿಸ್ ತಪ್ಪುವುದಿಲ್ಲ ಎಂದುಕೊಂಡು ಬಂದಿದ್ದಳು.

‘ರೂಪಾ, ತಪ್ಪು ನಂದು ಕಣಮ್ಮ,’ ಎಂದೆ.

ಅವಳ ಮುಖ ಬಿಳುಚಿತು. ‘ಅಯ್ಯೋ! ಎಲ್ಲಾರ್ಗೂ ಕಳ್ಸ್ಬಿಟ್ಟಿದ್ದೀನಲ್ಲ ಮಿಸ್!’

ಇಂಟರ್‌ನೆಟ್ಟಿನಲ್ಲಿದ್ದ ಪ್ರತಿಯನ್ನು ಕೂಡಲೇ ತಿದ್ದಿದೆ. ಏನು ಪ್ರಯೋಜನ? ಅದನ್ನು ಕೊಂಡವಳು ನನ್ನ ಪಕ್ಕದಲ್ಲೇ ಅಳುವ ಹಾಗೆ ಕೂತಿದ್ದಳು. ಉಳಿದ ಮಕ್ಕಳ ಕೈಯಲ್ಲಿದ್ದದ್ದು ಕದ್ದ ಪ್ರತಿ. ಅದು ಯಾರ ಯಾರ ಫೋನಿನಲ್ಲಿದೆಯೋ ನನಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದದ್ದು ಕದ್ದವರಿಗೆ ಮಾತ್ರ. ಇಬ್ಬರೂ ಆಟೋ ಹತ್ತಿ ಯಲಹಂಕಕ್ಕೆ ಹೊರಟೆವು.

ಟ್ಯೂಷನ್ ಸೆಂಟರ್ ಒಂದು ಬೇಕರಿಯ ಮೇಲಿತ್ತು. ಫೋಟೋದಲ್ಲಿ ಹುಲಿಯಂತಿದ್ದ ಸಂತೋಷ್ ಸರ್, ಎದುರಿಗೆ ನೋಡಿದರೆ ನಿದ್ದೆಗೆಟ್ಟ ಬಡಕಲು ಹುಡುಗ. ನಾನು ಯಾರೆಂದು ಹೇಳಿದ್ದೇ ತಡ, ಕೂತ ಕುರ್ಚಿಯಿಂದ ಎದ್ದ.

‘ಮೇಡಂ, ಸಾರಿ ಮೇಡಂ. ಇವತ್ತೇ ಡಿಲೀಟ್ ಮಾಡಿಸ್ತೀನಿ. ದಯವಿಟ್ಟು ಪೊಲೀಸು ಗಿಲೀಸು ಅಂತ ಬೇಡಿ.’

‘ಡಿಲೀಟ್ ಮಾಡ್ಬೇಡಪ್ಪ,’ ಎಂದೆ. ‘ಇನ್ನೊಂದ್ಸಲ ಕದಿ. ಇದು ತಿದ್ದಿರೋದು. ಮೊದಲ್ನೇದು ಎಲ್ಲೆಲ್ಲಿಗೆ ಹೋಗಿತ್ತೋ ಅಲ್ಲಿಗೆಲ್ಲ ಇದೂ ಹೋಗ್ಬೇಕು.’

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಒಳ್ಳೆಯ ಕೆಲಸ ಮಾಡಿದ. ತನ್ನ ಗ್ರೂಪುಗಳಿಗೆಲ್ಲ ಕಳಿಸಿದ್ದಲ್ಲದೆ ಬೇರೆ ಟ್ಯೂಷನ್ನಿನವರಿಗೆ ಫೋನು ಹಚ್ಚಿ, ‘ಮಚ್ಚಾ, ನೀನೂ ಹಾಕಿದ್ಯಲ್ಲ ಆ ಗೈಡು, ಅದ್ರಲ್ಲಿ ಶಂಕು ತಪ್ಪಿದೆ ಕಣೋ, ಬೇಗ ಹೊಸದು ಹಾಕು’ ಎಂದು ಸಂಜೆಯವರೆಗೂ ಕೂಗಾಡಿದ. ನನ್ನ ಪುಸ್ತಕಕ್ಕೆ ಇಷ್ಟೊಂದು ಪ್ರಕಾಶಕರಿದ್ದಾರೆಂದು ನನಗೆ ಗೊತ್ತಾದದ್ದು ಆಗಲೇ. ರೂಪಾ ತನ್ನ ಗೆಳತಿಯರಿಗೆ ಒಬ್ಬೊಬ್ಬರಿಗೂ ಕರೆ ಮಾಡಿ ಟೋಪಿಯ ಕಥೆ ಹೇಳುತ್ತಾ ಹೋದಳು. ಮೊದಲು ತೊದಲಿದಳು, ಬರಬರುತ್ತಾ ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಅಷ್ಟು ವರ್ಷ ತರಗತಿಯಲ್ಲಿ ನಿಂತ ನಾನೂ ಹಾಗೆ ಹೇಳಿರಲಿಲ್ಲ. ಇಳಿಯುವಾಗ ಸಂತೋಷ್ ಮೆಲ್ಲಗೆ ಕೇಳಿದ, ‘ಮೇಡಂ, ನಿಮ್ಮ ಹೆಸರು ಹಾಕ್ಲಾ?’

‘ಹಾಕು. ಆದ್ರೆ ಫೋಟೋ ನಿಂದೇ ಇರ್ಲಿ. ಬೈಯೋರು ಗುರುತು ಹಿಡಿಯೋಕೆ ಒಂದು ಮುಖ ಬೇಕಲ್ಲ!’

ಸೋಮವಾರದ ಪ್ರಶ್ನೆಪತ್ರಿಕೆಯಲ್ಲಿ ಶಂಕು ಬಂದಿತ್ತು. ಬಂದಿರದಿದ್ದರೆ ಈ ಕಥೆ ಇನ್ನೂ ಸೊಗಸಾಗಿರುತ್ತಿತ್ತೇನೋ, ಆದರೆ ಅಷ್ಟೆಲ್ಲ ಓಡಾಡಿದ್ದು ದಂಡವಾಯಿತೆಂದು ನಗುವಷ್ಟು ನನ್ನ ಎದೆ ಗಟ್ಟಿಯಿಲ್ಲ.

ಫಲಿತಾಂಶ ಬಂದ ದಿನ ರೂಪಾ ಗಣಿತದಲ್ಲಿ ಕೂದಲೆಳೆಯಲ್ಲಿ ಪಾಸಾಗಿದ್ದಳು. ಮುನಿರಾಜಪ್ಪನವರು ಸೊಸೆಗೆ ಚಿನ್ನದ ಪದಕ ಬಂದ ಹಾಗೆ ಬೀದಿಗೆಲ್ಲ ಮೈಸೂರ್‌ಪಾಕು ಹಂಚಿದರು. ಬಿರಿಯಾನಿಯವನಿಗೂ ಒಂದು ತುಂಡು ಕೊಟ್ಟು, ‘ಬ್ಯಾರೆ ಜಾಗ ನೋಡ್ಕಳಪ್ಪ, ಇಲ್ಲಿ ನಮ್ ಟೀಚರಮ್ಮ ಸ್ಕೂಲ್ ಮಾಡ್ತಾವ್ಳೆ’ ಎಂದರಂತೆ. ಡುಮ್ಕಿಯ ಸುದ್ದಿಯೇ ಇಲ್ಲ.

ರೂಪಾ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಕಾಲಿಗೆ ಬೀಳಲು ಬಗ್ಗಿದವಳನ್ನು ಹಿಡಿದೆತ್ತಿದೆ. ಆಮೇಲೆ ಬಹಳ ಸಂಕೋಚದಿಂದ ಕೇಳಿದಳು:

‘ಮಿಸ್, ಬೇಜಾರ್ ಮಾಡ್ಕೋಬೇಡಿ. ಇನ್ಮೇಲೆ ಲೆಕ್ಕ ಮರ್ತ್‌ಬಿಡ್ಬಹುದಲ್ವಾ?’

ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ ಎಂಬ ಗಾದೆಯನ್ನು ಮೇಷ್ಟರುಗಳಾದ ನಾವು ಇಷ್ಟು ದಿನ ಶಿಷ್ಯರನ್ನು ಬೈಯುವುದಕ್ಕೆ ಇಟ್ಟುಕೊಂಡಿದ್ದೆವು. ಆ ಕ್ಷಣ ನನಗನ್ನಿಸಿತು, ದಡ ಸೇರಿದವರು ದೋಣಿಯಲ್ಲೇ ಕೂತಿರಲಿ ಎಂದು ಬಯಸುವವನು ಎಂಥ ಅಂಬಿಗ?

‘ಧಾರಾಳವಾಗಿ ಮರ್ತ್‌ಬಿಡಮ್ಮ,’ ಎಂದೆ. ಅವಳು ಇಳಿದು ಹೋದ ಮೇಲೆ ಕೆಳಗಿನ ಹಾಲಿನ ಷಟರ್ ಮೇಲೇರುವ ಗಡಗಡ ಸದ್ದು ಇಡೀ ಬೀದಿಗೆ ಕೇಳಿಸಿತು.